ಎಡಿಸನ್ನರ ಬ್ಯಾಟರಿ, ನಮ್ಮೂರ ಪ್ರಶ್ನೆ

ಎಲೆಕ್ಟ್ರಿಕ್ ಕಾರು ತಗೋಬೇಕು ಅಂದ್ರ ನಮ್ಮ ದೇವಣಗಾಂವದಾಗ ಬರೋ ಪ್ರಶ್ನೆ ಎರಡೇ: ರೇಟು ಎಷ್ಟು? ದಾರ್ಯಾಗ ಚಾರ್ಜ್ ಮುಗಿದ್ರ ಏನು ಮಾಡೋದು? ಇವೇ ಪ್ರಶ್ನೆಗಳು ಥಾಮಸ್ ಆಲ್ವಾ ಎಡಿಸನ್ನರನ್ನೂ ಕಾಡಿದ್ದವು.

1847ರಲ್ಲಿ ಅಮೆರಿಕದ ಓಹಾಯೊದಲ್ಲಿ ಹುಟ್ಟಿದ ಎಡಿಸನ್ ಶಾಲೆಗೆ ಹೋಗಿದ್ದು ಕೆಲವೇ ತಿಂಗಳು. ರೈಲಿನಲ್ಲಿ ಪೇಪರ್ ಮಾರಿದರು, ಟೆಲಿಗ್ರಾಫ್ ಕೆಲಸ ಮಾಡಿದರು. 1877ರ ಫೋನೋಗ್ರಾಫ್, 1879ರ ಬಲ್ಬು ನಮಗೆಲ್ಲ ಗೊತ್ತು. ಬ್ಯಾಟರಿಗಾಗಿ ಅವರು ಪಟ್ಟ ಪಾಡು ಅಷ್ಟು ಗೊತ್ತಿಲ್ಲ.

ಆಗಿನ ಎಲೆಕ್ಟ್ರಿಕ್ ಕಾರುಗಳಲ್ಲಿ ಇದ್ದದ್ದು ಭಾರವಾದ ಲೆಡ್-ಆಸಿಡ್ ಬ್ಯಾಟರಿ. ಎಡಿಸನ್ ನಿಕಲ್-ಕಬ್ಬಿಣದ ಹೊಸ ಬ್ಯಾಟರಿ ಮಾಡಿ ಮಾರಾಟಕ್ಕೆ ತಂದರು. ಅವು ಸೋರತೊಡಗಿದವು. ಮಾರಾಟ ನಿಲ್ಲಿಸಿ ಮತ್ತೆ ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಕೊನೆಗೆ ಗಟ್ಟಿ ಬ್ಯಾಟರಿಯೇನೋ ಬಂತು, ಆದರೆ ದುಬಾರಿ. ಅಷ್ಟರಾಗ 1908ರಲ್ಲಿ ಹೆನ್ರಿ ಫೋರ್ಡ್‌ರ ಮಾಡೆಲ್ ಟಿ ಬಂದು ಪೆಟ್ರೋಲ್ ಕಾರು ಅಗ್ಗವಾಗುತ್ತ ಹೋಯಿತು. ಅಲ್ಲಿನ ಹೆಚ್ಚಿನ ಹಳ್ಳಿಗಳಿಗೆ ಕರೆಂಟ್ ಇರಲಿಲ್ಲ. ಪೆಟ್ರೋಲ್ ಆದರೆ ಡಬ್ಬದಾಗ ಒಯ್ಯಬಹುದಿತ್ತು. 1914ರಲ್ಲಿ ಫೋರ್ಡ್ ಜೊತೆ ಸೇರಿ ಅಗ್ಗದ ಎಲೆಕ್ಟ್ರಿಕ್ ಕಾರು ಮಾಡಲು ಹೊರಟರು, ಅದೂ ಕೈಗೂಡಲಿಲ್ಲ. ಆ ಬ್ಯಾಟರಿಗಳು ಗಣಿಯ ದೀಪ, ರೈಲ್ವೆ ಸಿಗ್ನಲ್‌ಗಳಿಗೆ ಉಪಯೋಗಕ್ಕೆ ಬಂದವು. 1931ರಲ್ಲಿ ಎಡಿಸನ್ ತೀರಿಕೊಂಡರು.

2001ರಲ್ಲಿ ಬೆಂಗಳೂರಿನ ರೇವಾ ಕಾರು ಬಂದಾಗಲೂ ಅದರೊಳಗೆ ಇದ್ದದ್ದು ಲೆಡ್-ಆಸಿಡ್ ಬ್ಯಾಟರಿಯೇ! ಈಗ ಲಿಥಿಯಂ ಬಂದದ, ನಮ್ಮೂರಿಗೆ ಕರೆಂಟೂ ಅದ. ರಾತ್ರಿ ಮನ್ಯಾಗ ಚಾರ್ಜ್ ಹಾಕಿದ್ರ ಸಿಂದಗಿಗೆ ಹೋಗಿ ಬರೋದು ಕಷ್ಟವಲ್ಲ. ಉಳಿದದ್ದು ಬೆಲೆ. ಎಡಿಸನ್ ಸೋತದ್ದು ಅಲ್ಲೇ. ಮುಂದಿನ ಕೆಲಸ ಇಂಜಿನಿಯರಿಂಗ್ ಓದುವ ನಮ್ಮದು.