ಸರ್ ರಾಸ್ ಸ್ಮಿತ್

ಯುದ್ಧಕ್ಕೆಂದು ಕಟ್ಟಿದ ಯಂತ್ರವು ಯುದ್ಧ ಮುಗಿದ ಮೇಲೆ ಏನು ಮಾಡಬೇಕು? 1918ರ ನವೆಂಬರಿನಲ್ಲಿ ಕದನವಿರಾಮವಾದಾಗ ಇಂಗ್ಲೆಂಡಿನಲ್ಲಿ ವಿಕರ್ಸ್ ವಿಮಿ ಎಂಬ ಬಾಂಬು ವಿಮಾನಗಳು ಆಗತಾನೆ ಸಿದ್ಧವಾಗುತ್ತಿದ್ದವು. ಜರ್ಮನಿಯ ಮೇಲೆ ಬಾಂಬು ಸುರಿಯಲು ಹುಟ್ಟಿದ ಈ ವಿಮಾನಕ್ಕೆ, ಪುಣ್ಯವಶಾತ್, ಆ ಕೆಲಸ ಒದಗಲಿಲ್ಲ. ಅಂಥದೊಂದನ್ನು ಇಂಗ್ಲೆಂಡಿನಿಂದ ಆಸ್ಟ್ರೇಲಿಯಾದವರೆಗೆ ಹಾರಿಸಿದ ಧೀರನೇ ರಾಸ್ ಸ್ಮಿತ್.

ಈತನು 1892ರ ಡಿಸೆಂಬರ್ 4ರಂದು ಅಡಿಲೇಡ್ ನಗರದ ಬಳಿ ಹುಟ್ಟಿದನು. ಒಂದು ವ್ಯಾಪಾರ ಸಂಸ್ಥೆಯ ಉಗ್ರಾಣದಲ್ಲಿ ದುಡಿಯುತ್ತಿದ್ದವನು 1914ರಲ್ಲಿ ಕುದುರೆಯ ದಳ ಸೇರಿ ಗ್ಯಾಲಿಪೊಲಿಯನ್ನು ಕಂಡನು; ಬಳಿಕ ಈಜಿಪ್ಟಿನಲ್ಲಿ ವೈಮಾನಿಕನಾದನು. 1918ರ ಕೊನೆಗೆ ಹ್ಯಾಂಡ್ಲಿ ಪೇಜ್ ಬಾಂಬು ವಿಮಾನದಲ್ಲಿ ಕೈರೋದಿಂದ ಕಲ್ಕತ್ತೆಗೆ ಬಂದನು. ಆಗ ಜೊತೆಗಿದ್ದ ಯಂತ್ರಕುಶಲರು ಬೆನೆಟ್ ಮತ್ತು ಷಿಯರ್ಸ್ ಎಂಬ ಸಾರ್ಜೆಂಟರು.

1919ರಲ್ಲಿ ಆಸ್ಟ್ರೇಲಿಯಾ ಸರಕಾರವು 30 ದಿನದೊಳಗೆ ಇಂಗ್ಲೆಂಡಿನಿಂದ ಹಾರಿ ಬರುವ ಆಸ್ಟ್ರೇಲಿಯನ್ನರಿಗೆ 10,000 ಪೌಂಡು ಬಹುಮಾನ ಸಾರಿತು. ನವೆಂಬರ್ 12ರಂದು ರಾಸ್, ಅವನ ಅಣ್ಣ ಕೀತ್ ಮತ್ತು ಆ ಇಬ್ಬರು ಸಾರ್ಜೆಂಟರು ಲಂಡನ್ನಿನ ಬಳಿಯ ಹೌನ್ಸ್ಲೊದಿಂದ ಹೊರಟರು. ಮರುದಿನವೇ ಇನ್ನೊಂದು ವಿಮಾನವು ಹೊರಟ ಕೆಲವೇ ನಿಮಿಷಗಳಲ್ಲಿ ಕೆಳಗುರುಳಿ ಇಬ್ಬರು ಸತ್ತರು. ಮತ್ತಿಬ್ಬರನ್ನು ಕಾರ್ಫು ದ್ವೀಪದ ಬಳಿ ಸಮುದ್ರ ನುಂಗಿತು.

ವಿಮಿಯ ಎರಡು ಎಂಜಿನುಗಳಿಗೆ ತಲಾ 360 ಅಶ್ವಶಕ್ತಿ. ಚಾಲಕರ ತಲೆಯ ಮೇಲೆ ಮಾತ್ರ ಸೂರಿಲ್ಲ. ಯೂರೋಪಿನ ಹಿಮದಲ್ಲಿ ಅವರು ಮರಗಟ್ಟಿಹೋದರು. ಮೆಸೊಪೊಟೇಮಿಯದ ರಮಾದಿಯಲ್ಲಿ ರಾತ್ರಿ ಬಿರುಗಾಳಿ ಎದ್ದಾಗ, ಅಲ್ಲಿ ಬೀಡುಬಿಟ್ಟಿದ್ದ ನಮ್ಮ ಭಾರತೀಯ ಅಶ್ವದಳದ ಸೈನಿಕರೇ ವಿಮಾನವನ್ನು ಹಿಡಿದು ನಿಲ್ಲಿಸಿದರು. ಈ ಸಂಗತಿಯನ್ನು ನಾವು ಮರೆಯಬಾರದು. ಕರಾಚಿ, ದೆಹಲಿ, ಅಲಹಾಬಾದು ದಾಟಿ ಕಲ್ಕತ್ತೆಯ ಕುದುರೆಪಂದ್ಯದ ಬಯಲಿನಿಂದ ಏಳುವಾಗ ಹದ್ದೊಂದು ತಿರುಗುವ ಪಂಕಕ್ಕೆ ಬಡಿಯಿತು. ಮರಗಳ ತುದಿ ಕೂದಲೆಳೆಯಲ್ಲಿ ತಪ್ಪಿತು. ಸಿಂಗಾಪುರದ ಬಯಲು ತೀರ ಕಿರಿದು. ಇಳಿಯುವಾಗ ಬೆನೆಟ್ಟನು ತನ್ನ ಗೂಡಿನಿಂದ ಹೊರಬಂದು ವಿಮಾನದ ಬೆನ್ನಮೇಲೆಯೇ ಜಾರಿ ಬಾಲದವರೆಗೆ ಹೋಗಿ ಭಾರ ಹಾಕಿದನು!

ಎಲ್ಲಕ್ಕಿಂತ ಕಠಿಣವಾದದ್ದು ಜಾವಾದ ಸುರಬಯ. ನೋಡಲು ಗಟ್ಟಿಯಾಗಿದ್ದ ನೆಲದಡಿ ಬರಿ ಕೆಸರು, ಚಕ್ರಗಳು ಹೂತುಹೋದವು. ಊರ ಜನ ಬಿದಿರ ಚಾಪೆಗಳನ್ನು ತಂದು ಹಾಸಿದರು. ಮೊದಲ ಯತ್ನದಲ್ಲಿ ಪಂಕದ ಗಾಳಿಗೆ ಚಾಪೆಗಳೇ ಎದ್ದು ಬಾಲಕ್ಕೆ ಸಿಕ್ಕಿಕೊಂಡವು. ಇನ್ನಷ್ಟು ಚಾಪೆ ತಂದು, ಒಂದಕ್ಕೊಂದು ಬಿಗಿದು ಹಾದಿ ಮಾಡಿದರು. ವಿಮಾನ ಮೇಲೆದ್ದಿತು. ಆ ಮನೆಗಳವರ ಹೆಸರನ್ನು ಯಾವ ಚರಿತ್ರೆಯೂ ಬರೆದಿಟ್ಟಿಲ್ಲ.

ಡಿಸೆಂಬರ್ 10ರಂದು ಡಾರ್ವಿನ್ ಮುಟ್ಟಿದಾಗ ಕಳೆದಿದ್ದದ್ದು 27 ದಿನ 20 ಗಂಟೆ. ಕ್ರಮಿಸಿದ್ದು ಸುಮಾರು 11,000 ಮೈಲಿ. ಬಹುಮಾನವನ್ನು ನಾಲ್ವರೂ ಸಮನಾಗಿ ಹಂಚಿಕೊಂಡರು. ದೊರೆ ಮಾತ್ರ ಸರ್ ಪದವಿಯನ್ನು ಅಣ್ಣತಮ್ಮಂದಿರಿಗಷ್ಟೇ ಕೊಟ್ಟನು. ಹಣದಲ್ಲಿ ಕಂಡ ನ್ಯಾಯ ಗೌರವದಲ್ಲಿ ಕಾಣಲಿಲ್ಲವೆಂದೇ ನನಗೆ ತೋರುತ್ತದೆ.

ಬಳಿಕ ರಾಸನು ಭೂಪ್ರದಕ್ಷಿಣೆಗೆ ಸಿದ್ಧನಾದನು. 1922ರ ಏಪ್ರಿಲ್ 13ರಂದು ಬ್ರೂಕ್ಲೆಂಡ್ಸಿನಲ್ಲಿ ಅದಕ್ಕಾಗಿ ತಂದ ವಿಕರ್ಸ್ ವೈಕಿಂಗ್ ವಿಮಾನವನ್ನು ಪರೀಕ್ಷಿಸುವಾಗ ಅದು ಸುತ್ತುತ್ತ ನೆಲಕ್ಕೆ ಬಿದ್ದು ಆತನೂ ಬೆನೆಟ್ಟನೂ ಮಡಿದರು. ತಡವಾಗಿ ಬಂದಿದ್ದ ಕೀತ್ ಕೆಳಗೆ ನಿಂತು ಅದನ್ನು ನೋಡಿದನು. ರಾಸನ ದೇಹವನ್ನು ಅಡಿಲೇಡಿಗೆ ಒಯ್ದು ಮಣ್ಣುಮಾಡಿದರು. ಆ ಹಳೆಯ ವಿಮಿಯನ್ನೂ ಅದೇ ಊರಿನ ವಿಮಾನ ನಿಲ್ದಾಣದಲ್ಲಿ ಕಾಪಾಡಿ ಇಟ್ಟಿದ್ದಾರೆ.