ನೇಗಿಲುಗಳನ್ನೆಣಿಸಿದ ವೈದ್ಯ

ಉಪ್ಪಿನಂಗಡಿಗೆ ಮೂಡಲಾಗಿರುವ ರಾಮಕುಂಜದಂತಹ ಊರಿನಲ್ಲಿ ಜನರನ್ನು ಲೆಕ್ಕಹಾಕಹೊರಟವನು ಮೊದಲು ಊರೆಲ್ಲಿದೆಯೆಂದು ಹುಡುಕಬೇಕಾಗುತ್ತದೆ. ಬಯಲುಸೀಮೆಯ ಸಾಲುಮನೆಗಳ ಕೇರಿ ಇಲ್ಲಿಲ್ಲ. ಒಂದು ಮನೆ ಅಡಕೆ ತೋಟದ ತಗ್ಗಿನಲ್ಲಿ, ಮತ್ತೊಂದು ಗುಡ್ಡದ ಮಗ್ಗುಲಲ್ಲಿ. ಇಂಥ ಚೆದುರಿದ ವಸತಿಯನ್ನು ಇಂದಿನ ಭೂಗೋಳಶಾಸ್ತ್ರಜ್ಞರು ನಕ್ಷೆಯಲ್ಲಿ ಗುರುತಿಸಿ, ನೆಲದ ವಿಸ್ತಾರಕ್ಕೂ ಸಾಗುವಳಿ ಭೂಮಿಗೂ ಬೇರೆಬೇರೆಯಾಗಿ ಜನಸಾಂದ್ರತೆಯನ್ನು ಕಟ್ಟುತ್ತಾರೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ ಇನ್ನೂ ಹುಟ್ಟದಿದ್ದ ಕಾಲದಲ್ಲಿ ತುಳುನಾಡಿನ ಜನಜೀವನವನ್ನು ಅಳೆಯಲೆಳಸಿದವನು ಫ್ರಾನ್ಸಿಸ್ ಬುಕಾನನ್.

ಈತನು 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದನು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನು ಕಲಿತು, ಕೆಲವು ಕಾಲ ಹಡಗುಗಳಲ್ಲಿ ವೈದ್ಯನಾಗಿದ್ದು, 1794ರಲ್ಲಿ ಕಂಪೆನಿಯ ಬಂಗಾಳದ ಸೇವೆಗೆ ಸೇರಿದನು. ಮನಸ್ಸು ನಿಂತದ್ದು ಮಾತ್ರ ಸಸ್ಯಶಾಸ್ತ್ರದಲ್ಲಿ. 1799ರಲ್ಲಿ ಟಿಪ್ಪು ಮಡಿದು ಮೈಸೂರು, ಕನ್ನಡ ಜಿಲ್ಲೆಗಳ ಹಣೆಬರಹ ಬದಲಾದಾಗ, ಆ ನಾಡುಗಳ ಬೇಸಾಯವನ್ನೂ ಜನಸ್ಥಿತಿಯನ್ನೂ ಕಂಡು ವರದಿಮಾಡಲು ಗವರ್ನರ್ ಜನರಲ್ ವೆಲ್ಲೆಸ್ಲಿ ಇವನನ್ನು ನೇಮಿಸಿದನು. 1800ರ ಏಪ್ರಿಲ್ 23ರಂದು ಮದರಾಸನ್ನು ಬಿಟ್ಟವನು ಅಲ್ಲಿಗೆ ಮರಳಿದ್ದು 1801ರ ಜುಲೈ 6ರಂದು.

ಮಲೆಯಾಳವನ್ನು ಹಾದು 1801ರ ಮೊದಲ ತಿಂಗಳುಗಳಲ್ಲಿ ಅವನು ಮಂಗಳೂರಿಗೆ ಬಂದನು. ಮುಂದೆ ಬಂಟ್ವಾಳ, ವೇಣೂರು, ಮೂಡಬಿದಿರೆ, ಕಾರ್ಕಳಗಳ ದಾರಿ ಹಿಡಿದುದರಿಂದ ರಾಮಕುಂಜ ಅವನ ಕಣ್ಣಿಗೆ ಬೀಳಲಿಲ್ಲ. ಆದರೆ ಇಲ್ಲಿಯ ಬೈಲು, ಮಜಲು, ಬೆಟ್ಟುಗಳೆಂಬ ಗದ್ದೆಯ ಭೇದಗಳನ್ನೂ, ಬಿತ್ತುವ ಬೀಜದ ಮುಡಿಯಿಂದಲೇ ನೆಲವನ್ನಳೆಯುವ ಪದ್ಧತಿಯನ್ನೂ ಅವನು ಬರೆದಿಟ್ಟನು. ಊರುಗಳ ಹೆಸರುಗಳು ಅವನ ಲೇಖನಿಯಲ್ಲಿ ಪಟ್ಟ ಪಾಡನ್ನು ಮಾತ್ರ ಕೇಳಬಾರದು!

ಅವನು ತಲೆಗಳನ್ನಷ್ಟೇ ಎಣಿಸಿ ತೃಪ್ತನಾಗುವವನಲ್ಲ. ಯಾರು ಉಳುತ್ತಾರೆ, ಯಾರಿಗೆ ಗೇಣಿ ಸಲ್ಲುತ್ತದೆ, ಆಳಿಗೆ ದಿನಕ್ಕೆಷ್ಟು ಅಕ್ಕಿ ಎಂದು ಕೇಳುತ್ತಿದ್ದನು. ಒಡೆಯನ ಸೊತ್ತಾಗಿ ಮಾರಾಟವಾಗುತ್ತಿದ್ದ ಜೀತದಾಳುಗಳ ಬೆಲೆಯೂ ಅವರ ಪಡಿಯೂ ಅವನ ದಿನಚರಿಯಲ್ಲಿವೆ. ಕೇಳಿದ್ದಾದರೂ ಹೆಚ್ಚಾಗಿ ಯಾರನ್ನು? ಅಧಿಕಾರಿಗಳನ್ನು, ಬ್ರಾಹ್ಮಣರನ್ನು, ಭೂಮಿಯುಳ್ಳವರನ್ನು. ಅದೂ ದುಭಾಷಿಯ ಮೂಲಕ. ಅಕ್ಕಿ ಅಳೆಸಿಕೊಳ್ಳುವವನ ಮಾತು ಆ ಪುಟಗಳಲ್ಲಿ ಬಲು ವಿರಳ. ನನ್ನ ಮಟ್ಟಿಗೆ ಅವನ ಗ್ರಂಥದ ದೊಡ್ಡ ಕೊರತೆ ಅದೇ, ಅಂಕಿಗಳ ತಪ್ಪಲ್ಲ. ಆದರೂ ಆ ಬೆಲೆಯನ್ನು ಅವನು ಬರೆಯದಿದ್ದರೆ, ಆ ಜನರಿದ್ದರೆಂಬುದಕ್ಕೆ ನಮಗೆ ಉಳಿಯುತ್ತಿದ್ದ ಸಾಕ್ಷ್ಯ ಇನ್ನೂ ತೆಳುವಾಗುತ್ತಿತ್ತು.

ಪ್ರವಾಸದ ಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಆ ವರ್ಷವೇ ಬಂಗಾಳದ ಸಮೀಕ್ಷೆಗೆ ತೊಡಗಿ ಏಳು ವರ್ಷ ದುಡಿದನು. ಅಲ್ಲಿ ಮನೆಮನೆಗೆ ಹೋಗುವುದು ಅಸಾಧ್ಯವಾದುದರಿಂದ ಸಾಗುವಳಿಯ ನೆಲವನ್ನೂ ನೇಗಿಲುಗಳನ್ನೂ ಲೆಕ್ಕಹಿಡಿದು, ಅದರಿಂದ ಜನಸಂಖ್ಯೆಯನ್ನು ಊಹಿಸಿದನು. ನೇಗಿಲೊಂದಕ್ಕೆ ಇಷ್ಟು ಬಾಯಿಗಳೆಂಬ ಎಣಿಕೆ ಸರಳವೇ. ಆದರೆ ಅಂದಾಜು ಸ್ವಲ್ಪ ಜಾರಿದರೂ ಲಕ್ಷಗಳ ವ್ಯತ್ಯಾಸ. 1872ರ ಗಣತಿಯ ಬಳಿಕ ಅವನ ಸಂಖ್ಯೆಗಳಲ್ಲಿ ಕೆಲವು ಅತಿಯಾದುವೆಂದು ತೋರಿತು.

1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದನು. ಮರುವರ್ಷ ಸ್ವದೇಶಕ್ಕೆ ಹೊರಟನು. ತಾಯಿಯ ಕಡೆಯ ಆಸ್ತಿ ದೊರೆತುದರಿಂದ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿ, ಗಂಗೆಯ ಮೀನುಗಳನ್ನು ಕುರಿತ ಗ್ರಂಥವನ್ನು 1822ರಲ್ಲಿ ಹೊರತಂದು, 1829ರಲ್ಲಿ ತೀರಿಕೊಂಡನು. ಜೀತದಾಳನ್ನು ಸೊತ್ತೆಂದೆಣಿಸಲು ನ್ಯಾಯಾಲಯಗಳಿಗೆ ಎಡೆಯಿಲ್ಲದಂತೆ ಮಾಡಿದ ಕಾನೂನು ಬಂದದ್ದು 1843ರಲ್ಲಿ. ಮದರಾಸು ಪ್ರಾಂತದಲ್ಲಿ ಮೊದಲ ವ್ಯವಸ್ಥಿತ ಜನಗಣತಿ 1871ರಲ್ಲಿ ನಡೆದಾಗ ಬುಕಾನನ್ ಸತ್ತು 42 ವರ್ಷಗಳಾಗಿದ್ದುವು.