ಬುದ್ಧನ ಕೈ ಏನು ಹೇಳುತ್ತದೆ?

ಮಕ್ಕಳೇ, ನೀವಿರುವ ಊರಿನ ಅಂಗಡಿಗಳಲ್ಲಿ, ಹೋಟೆಲುಗಳಲ್ಲಿ, ನೆರೆಮನೆಯ ತೋಟದಲ್ಲಿ ಬುದ್ಧನ ಮೂರ್ತಿಯನ್ನು ನೋಡಿರುತ್ತೀರಿ. ಡೊಳ್ಳುಹೊಟ್ಟೆಯ ನಗುವ ಮೂರ್ತಿಯನ್ನೂ ನೋಡಿರಬಹುದು; ಅದು ಗೌತಮ ಬುದ್ಧನದಲ್ಲ, ಚೀನಾದ ಬುದಾಯಿ ಎಂಬ ಭಿಕ್ಷುವಿನದು. ಬುದ್ಧನ ಮೂರ್ತಿಯನ್ನು ಅದೃಷ್ಟ ತರುವ ವಸ್ತುವೆಂದೋ, ಬಹಳ ಹಿಂದೆ ಬದುಕಿದ್ದ ಒಬ್ಬ ಮಹಾಪುರುಷನ ಭಾವಚಿತ್ರವೆಂದೋ ತಿಳಿಯುವವರೇ ಹೆಚ್ಚು. ಎರಡೂ ಸರಿಯಲ್ಲ. ಬುದ್ಧನ ಮೂರ್ತಿ ಕಲ್ಲಿನಲ್ಲಿ ಕಡೆದ ಒಂದು ಬೋಧನೆ. ಇದಕ್ಕೆ ಗಟ್ಟಿ ಆಧಾರ ಪುಣೆ ಜಿಲ್ಲೆಯಲ್ಲೇ, ಲೋಣಾವಳದ ಬಳಿಯ ಕಾರ್ಲಾ ಗುಹೆಯಲ್ಲಿದೆ.

ಕಾರ್ಲಾದ ಚೈತ್ಯವನ್ನು, ಅಂದರೆ ಬೌದ್ಧರ ಪೂಜಾಮಂದಿರವನ್ನು, ಬಂಡೆಯಲ್ಲಿ ಕೊರೆದು ಸುಮಾರು ಎರಡು ಸಾವಿರ ವರ್ಷಗಳಾದವು. ಜಂಬೂದ್ವೀಪದಲ್ಲೇ ಶ್ರೇಷ್ಠವಾದ ಈ ಕಲ್ಮನೆಯನ್ನು ವೈಜಯಂತಿಯ ಶೆಟ್ಟಿ ಭೂತಪಾಲ ಪೂರ್ಣಗೊಳಿಸಿದನೆಂದು ಅಲ್ಲಿನ ಬ್ರಾಹ್ಮೀ ಶಾಸನ ಸಾರುತ್ತದೆ. ಆ ವೈಜಯಂತಿ ನಮ್ಮ ಬನವಾಸಿಯೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇಷ್ಟು ವೈಭವದಿಂದ ಕಟ್ಟಿಸಿದ, ಸುಮಾರು 45 ಮೀಟರ್ ಉದ್ದದ ಈ ಸಭಾಂಗಣದ ಕೊನೆಯಲ್ಲಿ ಬುದ್ಧನ ಮೂರ್ತಿ ಇಲ್ಲ. ಗುಮ್ಮಟದಾಕಾರದ ಒಂದು ಸ್ತೂಪವಿದೆ, ಅದರ ಮೇಲೆ ಮರದ ಛತ್ರಿಯಿದೆ. ಆಗಿನ ಶಿಲ್ಪಿಗಳಿಗೆ ಮನುಷ್ಯರೂಪ ಕಡೆಯಲು ಬರುತ್ತಿರಲಿಲ್ಲವೇ? ಹಾಗೆನ್ನುವಂತಿಲ್ಲ. ಅದೇ ಚೈತ್ಯದ ಮುಂಭಾಗದಲ್ಲಿ, ಅದೇ ಕಾಲದ ದಂಪತಿಗಳ ಶಿಲ್ಪಗಳಿವೆ. ತುಂಬು ಮೈಕಟ್ಟು, ಒಡವೆ, ನಿಂತ ಬಗೆ ಎಲ್ಲದರಲ್ಲೂ ಜೀವ ತುಂಬಿದೆ. ಪಕ್ಕದ ಗೋಡೆಯ ಆನೆಗಳನ್ನು ನೋಡಿದರೂ ಸಾಕು. ಕೈಚಳಕವಿದ್ದೂ ಬುದ್ಧನನ್ನು ಕಡೆಯಲಿಲ್ಲವೆಂದರೆ ಅದು ತಿಳಿದೇ ಮಾಡಿದ ನಿರ್ಧಾರ. ಮೈ, ಮನಸ್ಸು ಯಾವುದೂ ಶಾಶ್ವತವಲ್ಲ, 'ನಾನು' ಎಂದು ಹಿಡಿದಿಡುವಂಥದ್ದು ಅವುಗಳಲ್ಲಿಲ್ಲ ಎಂದವನ ಮೈಯನ್ನೇ ಕಲ್ಲಿನಲ್ಲಿ ಹಿಡಿದಿಡುವುದು ಅವರಿಗೆ ಸಲ್ಲದ ಮಾತಾಗಿ ಕಂಡಿರಬೇಕು. ಇದು ಕಾರ್ಲಾದ ಮಾತಷ್ಟೇ ಅಲ್ಲ. ಭೀಮಾ ನದಿಯ ದಂಡೆಯಲ್ಲಿ, ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಸ್ತೂಪದಲ್ಲೂ ಬುದ್ಧನನ್ನು ಪಾದ, ಬೋಧಿವೃಕ್ಷ, ಚಕ್ರಗಳಿಂದ ಸೂಚಿಸಿದ ಫಲಕಗಳಿವೆ. ಇಂಥ ಫಲಕಗಳು ಬುದ್ಧನ ಬದಲಿಗೆ ಇಟ್ಟ ಗುರುತುಗಳಲ್ಲ, ಭಕ್ತರು ಯಾತ್ರಾಸ್ಥಳಗಳಲ್ಲಿ ಪೂಜಿಸುತ್ತಿದ್ದುದರ ಚಿತ್ರಗಳು ಎಂದು ವಾದಿಸುವ ವಿದ್ವಾಂಸರಿದ್ದಾರೆ. ಅದನ್ನು ಒಪ್ಪಿದರೂ ಕಾರ್ಲಾದಲ್ಲಿ ಸ್ತೂಪವೇ ಮುಖ್ಯಸ್ಥಾನದಲ್ಲಿರುವುದು ಸುಳ್ಳಾಗುವುದಿಲ್ಲ.

ಕೆಲವು ಶತಮಾನಗಳ ಬಳಿಕ ಅದೇ ಮುಂಭಾಗದಲ್ಲಿ, ಹಳೆಯ ಶಿಲ್ಪಗಳ ನಡುವೆ ಜಾಗ ಮಾಡಿಕೊಂಡು ಬುದ್ಧನ ಮೂರ್ತಿಗಳನ್ನು ಕಡೆದರು. ಹಾಗಾದರೆ ಮೊದಲಿನ ತತ್ತ್ವವನ್ನು ಕೈಬಿಟ್ಟರೇ? ಮೂರ್ತಿಯ ಒಂದೊಂದು ಅಂಗವನ್ನೂ ಗಮನಿಸಿದರೆ ಇಲ್ಲವೆಂದೇ ತೋರುತ್ತದೆ. ಅಲ್ಲೊಂದು ಫಲಕದಲ್ಲಿ ಬುದ್ಧ ಕಾಲು ಇಳಿಬಿಟ್ಟು ಕುಳಿತಿದ್ದಾನೆ. ಎರಡೂ ಕೈ ಎದೆಯ ಮುಂದೆ ಬಂದು ಬೆರಳುಗಳು ಒಂದಕ್ಕೊಂದು ತಾಗಿವೆ. ಇದು ಧರ್ಮಚಕ್ರ ಮುದ್ರೆ, ಪಾಠ ಹೇಳುವ ಕೈ. ಕೆಳಗೆ ಒಂದು ಚಕ್ರ, ಅದರ ಎರಡೂ ಬದಿಗೆ ಜಿಂಕೆಗಳು: ಸಾರನಾಥದ ಜಿಂಕೆಗಳ ವನದಲ್ಲಿ ಐವರಿಗೆ ಹೇಳಿದ ಮೊದಲ ಉಪದೇಶದ ನೆನಪು. ಇಳಿಬಿದ್ದ ಉದ್ದನೆಯ ಕಿವಿಯಲ್ಲಿ ಓಲೆಯಿಲ್ಲ. ಅರಮನೆಯಲ್ಲಿ ತೊಟ್ಟಿದ್ದ ಭಾರದ ಒಡವೆಯನ್ನು ತೆಗೆದಿಟ್ಟು ಬಂದವನ ಕಿವಿ ಅದು. ಬೇರೆ ಮೂರ್ತಿಗಳಲ್ಲಿ ಬಲಗೈ ನೆಲ ಮುಟ್ಟಿರುವುದನ್ನು ನೋಡುತ್ತೀರಿ. ಇಲ್ಲಿ ಕೂರುವ ಅರ್ಹತೆ ನಿನಗಿದೆಯೆಂಬುದಕ್ಕೆ ಯಾರು ಸಾಕ್ಷಿ ಎಂದು ಧ್ಯಾನ ಕೆಡಿಸಲು ಬಂದ ಮಾರ ಕೇಳಿದಾಗ, ಮುಂದೆ ಬುದ್ಧನಾಗಲಿದ್ದ ಸಿದ್ಧಾರ್ಥ ಸ್ವರ್ಗದ ಕಡೆ ಕೈತೋರಲಿಲ್ಲ, ಭೂಮಿಯನ್ನು ಮುಟ್ಟಿದ. ಇಷ್ಟು ದೊಡ್ಡ ವಿಚಾರವನ್ನು ಐದು ಬೆರಳಲ್ಲಿ ಹೇಳಿದ ಕಲೆ ಅಪರೂಪದ್ದು. ಇನ್ನು ಮುಖ? ಗಾಂಧಾರದ ಬುದ್ಧನ ಮುಖ ಒಂದು ತೆರ, ಮಥುರೆಯದು ಇನ್ನೊಂದು, ಬರ್ಮಾದ್ದು ಮತ್ತೊಂದು. ಗೌತಮ ನೋಡಲು ಹೇಗಿದ್ದನೆಂಬುದು ಆ ಶಿಲ್ಪಿಗಳಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅದು ಅವರಿಗೆ ಮುಖ್ಯವೂ ಆಗಿರಲಿಲ್ಲ. ನಾಡಿನಿಂದ ನಾಡಿಗೆ ಮುಖ ಬದಲಾಯಿತು, ಮುದ್ರೆಗಳು ಉಳಿದವು. ಯಾರು ಬೇಕಾದರೂ ಸಾಧಿಸಬಹುದಾದ ಸ್ಥಿತಿಯನ್ನು ತೋರುವ ಮೂರ್ತಿಗೆ ಒಬ್ಬನೇ ಮನುಷ್ಯನ ಚಹರೆ ಬೇಕಿಲ್ಲ.

ಕೊನೆಗೆ ಹೆಚ್ಚು ತೂಕದ ಆಕ್ಷೇಪ: ಅರ್ಥ ಏನೇ ಇರಲಿ, ಜನ ಮೂರ್ತಿಗೆ ಹೂವಿಟ್ಟು ಕೈಮುಗಿಯುತ್ತಾರಲ್ಲ, ಬುದ್ಧನೂ ದೇವರಾದಂತೆಯೇ ಅಲ್ಲವೇ? ಹಾಗಾದದ್ದು ನಿಜ, ಅನೇಕ ಕಡೆ. ಆದರೆ ಹಾಗಾಗಲೇಬೇಕೆಂದಿಲ್ಲ ಎಂಬುದಕ್ಕೆ ಪುಣೆಯ ಪಕ್ಕದ ದೇಹೂ ರೋಡ್‌ನಲ್ಲೇ ಉದಾಹರಣೆಯಿದೆ. ರಂಗೂನಿನಿಂದ ತಂದ ಬುದ್ಧನ ಮೂರ್ತಿಯನ್ನು ಡಾ. ಬಿ. ಆರ್. ಅಂಬೇಡ್ಕರ್ 1954ರ ಡಿಸೆಂಬರ್ 25ರಂದು ಅಲ್ಲಿ ಪ್ರತಿಷ್ಠಾಪಿಸಿದರು. ಕುರುಡುನಂಬಿಕೆಯನ್ನು ಜೀವನವಿಡೀ ಪ್ರಶ್ನಿಸಿದವರು ಅವರು, ಮೂರ್ತಿ ಬೇಡವೆನ್ನಲಿಲ್ಲ. ಆದರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದಾಗ, ತಮ್ಮ ಜೊತೆ ಬಂದ ಲಕ್ಷಾಂತರ ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ, ಬುದ್ಧನನ್ನು ವಿಷ್ಣುವಿನ ಅವತಾರವೆಂದು ನಂಬುವುದಿಲ್ಲ ಎಂಬುದನ್ನೂ ಸೇರಿಸಿದರು.